ನಗುವಿನ ಜಪ್ತಿ

ಎಲ್ಲರ ಕ್ರಿಪ್ಟೊ ತಿಜೋರಿಗೂ ಈಗ ಒಡೆಯನ ನಗುವೇ ಬೀಗದ ಕೈ. ತಿಜೋರಿ ನ್ಯಾಯಾಧೀಶರ ಕಣ್ಣೆದುರು ತೆರೆದುಕೊಂಡರೆ ಮಾತ್ರ ಒಳಗಿನ ಹಣದ ಜಪ್ತಿ. ವಂಚನೆಯ ಆರೋಪಿ ಶ್ರೀಧರಮೂರ್ತಿಯೋ ಕಟಕಟೆಯಲ್ಲಿ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ನಿಂತಿರುತ್ತಿದ್ದ. ಸರ್ಕಾರಿ ವಕೀಲೆ ಗಿರಿಜಾಂಬ ಹಾಸ್ಯ ಕಲಾವಿದರನ್ನು ಕರೆಸಿ ಸಾಕಾಗಿದ್ದರು. ಕಚಗುಳಿ ಇಡೋಣವೆಂದರೆ, ಬಲವಂತದ ನಗು ಸಾಕ್ಷ್ಯವಲ್ಲವೆಂದು ಹೈಕೋರ್ಟು ಹೇಳಿಬಿಟ್ಟಿತ್ತು.

ಆದರೆ ಗಿರಿಜಾಂಬ ಒಂದನ್ನು ಗಮನಿಸಿದ್ದರು: ವಾಯಿದೆ ಕೊಟ್ಟು ನ್ಯಾಯಾಧೀಶರು ಒಳಗೆ ಹೋದ ಕೂಡಲೇ ಅವನು ನಗುತ್ತಿದ್ದ.

"ಸ್ವಾಮಿ, ಇವತ್ತು ವಾಯಿದೆ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಇಲ್ಲೇ ಕೂತಿರಬೇಕು," ಎಂದು ಗಿರಿಜಾಂಬ ಕೇಳಿಕೊಂಡರು.

ನ್ಯಾಯಾಧೀಶರು ಕನ್ನಡಕ ತೆಗೆದರು. "ಅದಕ್ಕೊಂದು ಅರ್ಜಿ ಹಾಕಿ ಮೇಡಂ. ಎದುರು ಪಕ್ಷದವರ ತಕರಾರು ಕೇಳದೆ ನಾನು ಹೇಗೆ ಕೂತಿರಲಿ? ಮುಂದಿನ ತಿಂಗಳು ನೋಡೋಣ," ಎಂದು ಎದ್ದು ಹೋದರು.

ಬಾಗಿಲ ಪರದೆ ಇನ್ನೂ ಅಲ್ಲಾಡುತ್ತಿತ್ತು. ಶ್ರೀಧರಮೂರ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮೇಜಿನ ಮೇಲಿದ್ದ ಅವನ ತಿಜೋರಿಯ ಬಾಗಿಲು ಹಾರುಹೊಡೆದಿತ್ತು.

ಉಳಿತಾಯವನ್ನೆಲ್ಲ ಅವನಲ್ಲಿ ಕಳೆದುಕೊಂಡಿದ್ದ ನರ್ಸ್ ಫಿಲೋಮಿನಾ ಹಿಂದಿನ ಬೆಂಚಿನಿಂದ ಓಡಿಬಂದು ಬಗ್ಗಿ ನೋಡಿದರು. "ಮೇಡಂ, ನನ್ನ ದುಡ್ಡು ಕಾಣ್ತಿದೆ."

"ನೋಡ್ಕೊಳ್ಳಿ," ಎಂದರು ಗಿರಿಜಾಂಬ, ಫೈಲಿಗೆ ದಾರ ಸುತ್ತುತ್ತ. "ಮುಟ್ಟಬೇಡಿ. ಮುಟ್ಟಿದ್ರೆ ನಿಮ್ಮ ಮೇಲೆ ಕೇಸು ಹಾಕಬೇಕಾಗುತ್ತೆ."