ಸೇತುವೆಗೆ ಬನ್ನಿ

ಹೊಳೆಯಾಚೆ ಲಾರಿಯಿಂದ ಕಬ್ಬಿಣದ ಸರಳು ಇಳಿಸುತ್ತಿದ್ದಾರೆ ಎಂಬ ಸುದ್ದಿ ದರ್ಜಿಯವಳ ಅಂಗಡಿಗೆ ಬಂದು ಮುಟ್ಟುವ ಹೊತ್ತಿಗೆ ಆ ಸರಳುಗಳಿಗೆ ಮೊನೆ ಮೂಡಿತ್ತು, ಇಳಿಸುವವರು ದಂಡಾಗಿದ್ದರು. ಮೈದುನ ಏದುಸಿರು ಬಿಡುತ್ತ ಒಳಗೆ ಬಂದ. ಅವನ ಬೆನ್ನಿಗೆ ಬೀದಿಯ ನಾಲ್ಕಾರು ಗಂಡಸರು. ಒಬ್ಬ ತನ್ನ ಮನೆ ಬಾಗಿಲಿನ ಅಗುಳಿಯನ್ನೇ ಕಿತ್ತು ತಂದಿದ್ದ.

"ಅತ್ತಿಗೆ, ಅಂಗಡಿ ಮುಚ್ಚಿ. ಅವ್ರು ಬರೋಕೆ ಮುಂಚೆ ನಾವೇ ಹೋಗ್ಬಿಡ್ತೀವಿ."

"ಸರಳು ಯಾರು ನೋಡಿದ್ದು?"

"ಎಲ್ರೂ ನೋಡಿದ್ದಾರೆ."

"ನೀನು ನೋಡಿದ್ಯಾ?"

ಮೈದುನ ಬೆನ್ನಿಗಿದ್ದವರತ್ತ ತಿರುಗಿದ. ಅವಳು ಮೊಬೈಲ್ ತೆಗೆದುಕೊಂಡು, ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದೆ ಹೋದಳು. ಇಂಥ ಸುದ್ದಿ ಬಂದರೆ ಕೈ ಎತ್ತುವ ಮೊದಲು ಆಚೆ ದಡಕ್ಕೊಂದು ಫೋನು ಮಾಡಬೇಕು. ಸಂಸ್ಥೆಯ ಸಭೆಯಲ್ಲಿ ಆಗಿದ್ದು ಅಷ್ಟೇ ಮಾತು. ಹಿಂದೊಮ್ಮೆ ಈ ದಡಕ್ಕೂ ಆ ದಡಕ್ಕೂ ಆದ ಗಲಾಟೆ ತಣ್ಣಗಾದ ಮೇಲೆ ಆ ಸಂಸ್ಥೆ ಕಟ್ಟಿದವರು ಎರಡೂ ದಡದ ಮಕ್ಕಳಿಗೆ ಪಾಠ ಹೇಳಿದ್ದ ಟೀಚರಮ್ಮ. ದೂರದೂರಿನ ಯಾರೋ ನೆರವಿಗೆ ನಿಂತಿದ್ದರಂತೆ. ಆದರೆ "ಹೊರಗಿನೋರು ಬಂದು ನಮ್ಮನ್ನ ರಾಜಿ ಮಾಡ್ಸೋದು ಬೇಡ, ನಾವೇ ಕೂತು ಜಗಳ ಆಡೋಣ ಬನ್ನಿ" ಎಂದು ಮನೆಮನೆಗೆ ಹೋಗಿ ಕರೆದವರು ಟೀಚರಮ್ಮನೇ. ಈ ದಡದ ಒಬ್ಬರಿಗೆ ಆ ದಡದ ಒಬ್ಬರು ಜೋಡಿ. ದರ್ಜಿಯವಳ ಪಾಲಿಗೆ ಬಂದವನು ಒಬ್ಬ ಗಾರೆ ಮೇಸ್ತ್ರಿ. ಗಲಾಟೆಯಲ್ಲಿ ಅವಳು ಗಂಡನನ್ನು ಕಳೆದುಕೊಂಡಿದ್ದಳು, ಅವನು ತಮ್ಮನನ್ನು. ಸಭೆಯುದ್ದಕ್ಕೂ ಅವಳು ಅವನ ಮುಖ ನೋಡದೆ ಕೈಗಳನ್ನೇ ನೋಡಿದ್ದಳು, ಅವತ್ತು ಈ ಕೈಗಳು ಎಲ್ಲಿದ್ದವೋ ಎಂದುಕೊಳ್ಳುತ್ತ.

"ಸರಳು ಬಂದಿರೋದು ನಿಜ," ಎಂದ ಮೇಸ್ತ್ರಿ ಫೋನಿನಲ್ಲಿ. "ಸುಟ್ಟುಹೋದ ಶಾಲೆಗೆ ಚಾವಣಿ ಹಾಕ್ತಿದ್ದೀವಿ. ಅದಿರ್ಲಿ, ನಿಮ್ಮ ಕಡೆ ಜನ ಸೇರ್ತಿದ್ದಾರಂತಲ್ಲ?"

ಪರದೆಯ ಸಂದಿನಿಂದ ಅಗುಳಿ ಕಾಣುತ್ತಿತ್ತು.

"ಇಲ್ಲಪ್ಪ, ಯಾರೂ ಇಲ್ಲ," ಎಂದಳು.

ತನ್ನ ನಾಲಿಗೆಯೇ ಇಷ್ಟು ಸಲೀಸಾಗಿ ಹೊರಳುವುದಾದರೆ ಅವನ ನಾಲಿಗೆಗೇನು ಬೀಗ ಹಾಕಿದೆಯೇ? ಶಾಲೆಯಂತೆ, ಚಾವಣಿಯಂತೆ!

"ನಿಜ ಆದ್ರೆ ಸೇತುವೆಗೆ ಬನ್ನಿ. ಮಗಳನ್ನ ಕರ್ಕೊಂಡು ಬನ್ನಿ," ಎಂದಳು. ಹೊಡೆದಾಟ ಹೂಡುವವನು ಮಗಳನ್ನು ನಡುವೆ ತಂದು ನಿಲ್ಲಿಸಲಾರ.

"ಆಯ್ತು. ನೀವೂ ನಿಮ್ಮ ಮಗಳನ್ನ ಕರ್ಕೊಂಡು ಬರ್ಬೇಕು."

"ಅದಕ್ಕೇನಂತೆ."

ಹಿಂದಿನ ಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದ ಮಗಳು ಆಗಲೇ ಎದ್ದು ನಿಂತಿದ್ದಳು. "ಹೋಗೋಣ್ವಾ ಅಮ್ಮ?" ತಾಯಿ ಅವಳನ್ನು ಒಳಗೇ ಬಿಟ್ಟು ಕೋಣೆಯ ಬಾಗಿಲೆಳೆದಳು. ಹೊರಗಿನಿಂದ ಚಿಲಕ ಹಾಕಿದಳು.

"ನಾನು ನೋಡ್ಕೊಂಡು ಬರ್ತೀನಿ. ಅಲ್ಲೀವರೆಗೂ ಯಾರೂ ಸೇತುವೆ ಮೇಲೆ ಕಾಲಿಡ್ಬೇಡಿ," ಎಂದಳು ಮೈದುನನಿಗೆ.

"ನಿಮ್ಮ ಮೇಲೇನೇ ಕೈ ಮಾಡಿದ್ರೆ?"

"ಆಗ ಹೊಡೆಯೋಕೆ ನಿಂಗೊಂದು ಕಾರಣ ಸಿಗ್ತದಲ್ಲ. ಈಗ ಅದೂ ಇಲ್ಲ."

ಸೇತುವೆಯ ಆ ತುದಿಯಲ್ಲೂ ಗಂಡಸರು ಗುಂಪುಗಟ್ಟಿದ್ದರು. ಗುಂಪಿನಿಂದ ಮೇಸ್ತ್ರಿ ಬೇರೆಯಾಗಿ ಬಂದ, ಒಬ್ಬನೇ. ಮೊಣಕೈವರೆಗೂ ಸಿಮೆಂಟು. ಬೇಕೆಂದೇ ಮೆತ್ತಿಕೊಂಡು ಬಂದಿರಬಹುದು ಎನಿಸಿತು ಅವಳಿಗೆ. ನಡುವೆ ಒಂದು ಆಳು ಹಾಯುವಷ್ಟು ಜಾಗ ಬಿಟ್ಟು ಇಬ್ಬರೂ ನಿಂತರು.

"ಮಗಳೆಲ್ಲಿ?" ಎಂದಳು.

"ನಿಮ್ಮ ಮಗಳೆಲ್ಲಿ?"

ಮೇಸ್ತ್ರಿ ಗದ್ದವೆತ್ತಿ ತನ್ನ ಕಡೆಯ ಹೊಳೆದಂಡೆಯತ್ತ ತೋರಿಸಿದ. ಮಸಿ ಹಿಡಿದ ಗೋಡೆಗಳ ಮೇಲೆ ಸರಳುಗಳನ್ನು ಬಲೆಯಂತೆ ಹೆಣೆದಿದ್ದರು. ಹೆಂಗಸರು ತಲೆಯ ಮೇಲೆ ಬಾಂಡ್ಲಿ ಹೊತ್ತು ಏಣಿ ಹತ್ತುತ್ತಿದ್ದರು.

"ಒಂದು ಶಾಲೆಗೆ ಅಷ್ಟೊಂದು ಸರಳು ಬೇಕಾ?"

"ಬೇಕು."

"ಮಿಕ್ಕಿದ್ದು?"

"ಮಿಕ್ಕಲ್ಲಮ್ಮ," ಎಂದು ಮೇಸ್ತ್ರಿ ನಿಟ್ಟುಸಿರುಬಿಟ್ಟ. ಅವಳ ಭುಜದಾಚೆ ನೋಡಿದ. "ಯಾರೂ ಸೇರಿಲ್ಲ ಅಂದ್ರಿ."

"ಸುಳ್ಳು ಹೇಳ್ದೆ."

"ಗೊತ್ತಾಗಿತ್ತು. ಮಗಳನ್ನ ತರ್ತೀನಿ ಅಂತ ಥಟ್ಟನೆ ಒಪ್ಕೊಂಡ್ರಲ್ಲ, ಆಗ್ಲೇ."

"ಮತ್ಯಾಕೆ ಬಂದ್ರಿ?"

"ಬರದೆ ಇದ್ದು, ನೀವೊಬ್ರೇ ಇಲ್ಲಿ ಬಂದು ನಿಂತುಬಿಟ್ಟಿದ್ರೆ?"

ಅವಳು ಹಿಂದಿರುಗಿ ನೋಡದೆಯೇ ಒಂದು ಕೈ ಮೇಲೆತ್ತಿ ತಮ್ಮವರಿಗೆ ಹೋಗಿ ಎಂದು ಬೀಸಿದಳು. ಅವನೂ ಬೀಸಿದ. ಎರಡೂ ತುದಿಯಲ್ಲಿ ಗೊಣಗಾಟ ಎದ್ದಿತು. ಗಂಡಸರು ತುಸು ಹೊತ್ತು ಅಲ್ಲೇ ಸುಳಿದಾಡಿದರು. ಆಮೇಲೆ ಹೊಡೆದಾಟವಿಲ್ಲದ ಜಾಗದಲ್ಲಿ ಏನು ಕೆಲಸ ಎಂಬಂತೆ ಒಬ್ಬೊಬ್ಬರಾಗಿ ಕರಗತೊಡಗಿದರು.

"ಸರಿ, ಹೊರಡಿ," ಎಂದ ಮೇಸ್ತ್ರಿ.

"ನೀವು ಹೊರಡಿ."

"ಹೆಂಗಸ್ರು ಮೊದ್ಲು."

"ದೊಡ್ಡೋರು ಮೊದ್ಲು."

ಬೆನ್ನು ತೋರಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕೊನೆಗೆ ಅವಳು ಅವನ ಕೈಗಳ ಮೇಲೆ ಕಣ್ಣಿಟ್ಟುಕೊಂಡೇ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಅವನೂ ಇಟ್ಟ. ಹಾಗೇ ಒಬ್ಬರನ್ನೊಬ್ಬರು ನೋಡುತ್ತ ಹಿಂದಹಿಂದಕ್ಕೆ ನಡೆದು ತಂತಮ್ಮ ದಡ ಸೇರಿದರು. ಚಾವಣಿಯ ಮೇಲಿನಿಂದ ಅದನ್ನು ಕಂಡ ಹೆಂಗಸರಿಗೆ, ಅಗಲಲು ಮನಸ್ಸಿಲ್ಲದ ಅಣ್ಣತಂಗಿಯರಂತೆ ಅವರು ಕಾಣಿಸಿದರು.