ಕೇಳಿಸಿದ ಅಳು

ತುರ್ತು ಸಹಾಯವಾಣಿಯ ನರ್ಸ್ ಕರೆ ಎತ್ತಿಕೊಂಡಾಗ ಮೊದಲು ಕೇಳಿಸಿದ್ದು ಮಗುವಿನ ಅಳು. ಆಮೇಲೆ ಲಾರಿ ಹಾರ್ನ್‌ಗಳ ನಡುವೆ ಒಬ್ಬ ತಂದೆಯ ದನಿ.

“ಮೇಡಂ, ನಮ್ಮ ಹುಡುಗ ಶೇಂಗಾ ಕಾಳು ಬಾಯಾಗ ಹಾಕ್ಕೊಂಡಾನ್ರೀ. ಗಂಟಲದಾಗ ಸಿಕ್ಕೊಂಡೈತಿ.”

“ಎಷ್ಟು ತಿಂಗಳು?”

“ಒಂಬತ್ತು. ಕಾರಿನಾಗ ಅದೇವಿ. ರೈಲ್ವೆ ಗೇಟ್ ಹಾಕ್ಯಾರ. ಮುಂದೂ ಲಾರಿ, ಹಿಂದೂ ಲಾರಿ. ಗೂಡ್ಸ್ ಗಾಡಿ ಇನ್ನೂ ಬಂದಿಲ್ಲ. ಬೆನ್ನಿಗೆ ಬಡೀಲೇನ್ರೀ?”

“ಬೇಡ. ಅಳು ನನಗೆ ಇಲ್ಲಿವರೆಗೂ ಕೇಳಿಸ್ತಿದೆ. ಅಷ್ಟು ಜೋರಾಗಿ ಅಳೋ ಮಗುವಿಗೆ ಗಾಳಿ ಹೋಗ್ತಿರುತ್ತೆ. ಕೂರಿಸಿಕೊಳ್ಳಿ, ತಾನಾಗೇ ಕೆಮ್ಮಲಿ. ಬಾಯಿಗೆ ಬೆರಳು ಹಾಕಬೇಡಿ. ಗೇಟಿನ ಹತ್ತಿರ ಆಂಬುಲೆನ್ಸ್ ಕಳಿಸ್ತೀನಿ.”

“ಆದ್ರ ಮೇಡಂ, ಇಂವ...”

“ನೀವು ಗಾಬರಿಯಾದ್ರೆ ಮಗುನೂ ಗಾಬರಿಯಾಗುತ್ತೆ. ಯಾವ ಗೇಟು ಅಂತ ಹೇಳಿ ಮೊದಲು.”

“ತುಟಿ ನೀಲಿ ಆಗಾಕತ್ತಾವ್ರೀ!”

ನರ್ಸ್ ಬರೆಯುವುದನ್ನು ನಿಲ್ಲಿಸಿದಳು. ಆ ಜೋರು ಅಳುವಿಗೂ ನೀಲಿ ತುಟಿಗೂ ಹೊಂದಿಕೆಯಾಗಲಿಲ್ಲ.

“ಫೋನನ್ನ ಅವನ ಬಾಯಿ ಹತ್ತಿರ ಹಿಡೀರಿ.”

ಅವನು ಹಾಗೇ ಮಾಡಿದ. ಅವಳ ಕಿವಿಯಲ್ಲಿ ಅಳು ಹತ್ತಿರವಾಗಲಿಲ್ಲ, ದೂರವಾಯಿತು.

“ರೀ, ಅಳ್ತಿರೋದು ಯಾರು?”

“ಇವನ ಜೋಡಿ ಹುಟ್ಟಿದ ತಂಗಿರೀ. ಇವನ ದನಿ ಆಗಲೇ ನಿಂತೈತ್ರೀ.”