ಅಂಗಾಲಿಗೆ ಹಚ್ಚಿದ ಎಣ್ಣೆ

ಎಲ್ಲರೂ ಗಂಡೂ ಹೌದು, ಹೆಣ್ಣೂ ಹೌದು ಎಂಬಂಥ ಊರದು. ಅಲ್ಲಿ ಮದುವೆಯೆಂದರೆ ಕುಸ್ತಿ. ಯಾರ ಬೆನ್ನಿಗೆ ಮಣ್ಣು ಹತ್ತುತ್ತದೋ ಅವರೇ ಬಸಿರು. ಬಸಿರಾದವರಿಗೆ ಲಾರಿ ಕೊಡುವುದಿಲ್ಲವೆಂದು ಯಜಮಾನ ಹೇಳಿದ್ದರಿಂದ ಡ್ರೈವರ್ ಫಕೀರಪ್ಪ ಆರು ತಿಂಗಳು ಸಾಮು ಮಾಡಿದ್ದ. ಎದುರಾಳಿಯ ಹಿಡಿತಕ್ಕೆ ಸಿಗದಿರಲೆಂದು ಅಣ್ಣ ಗಂಗಪ್ಪ ಅವನ ಮೈತುಂಬ ಅರಿಸಿನದೆಣ್ಣೆ ಬಳಿದ.

ಎದುರಿಗಿದ್ದವನು ಕಡ್ಡಿಯಂಥ ಟೇಲರ್ ಹೊನ್ನೂರ. ಫಕೀರಪ್ಪ ತೊಡೆ ತಟ್ಟಿ ನುಗ್ಗಿದವನೇ ಜಾರಿ ಅಂಗಾತ ಬಿದ್ದ. ಹೊನ್ನೂರ ಇನ್ನೂ ಅಂಗಿ ಬಿಚ್ಚುತ್ತಿದ್ದ.

"ಅಂಗಾಲಿಗೂ ಯಾಕ ಹಚ್ಚಿದ್ಯೋ ಅಣ್ಣಾ?" ಫಕೀರಪ್ಪ ಕಿರುಚಿದ.

ತಾನೂ ಹೀಗೇ ಸೋತು, ಹೆತ್ತು, ಲಾರಿ ಕಳೆದುಕೊಂಡಿದ್ದ ಗಂಗಪ್ಪ ಸೊಂಟದ ಕೂಸನ್ನು ತಮ್ಮನ ಹೊಟ್ಟೆಯ ಮೇಲೆ ಕೂರಿಸಿ, ಅವನ ಉಡಿದಾರದಿಂದ ಲಾರಿಯ ಚಾವಿ ಬಿಚ್ಚಿಕೊಂಡ.

"ನನ್ನ ಮದುವ್ಯಾಗ ನನ್ನ ಅಂಗಾಲಿಗೆ ಹಚ್ಚಿದಾಂವ ಯಾರಲೇ? ತಗೋ, ಕೂಸು ಆಡಸೂದು ರೂಢಿ ಮಾಡ್ಕೋ."